ಸಿಯೆರಾ ನೆವಾಡಾ ಸರೋವರಗಳಲ್ಲಿ ಫ್ಲೈ ಮೀನುಗಾರಿಕೆ

ಸಿಯೆರಾ ನೆವಾಡಾ ಸರೋವರಗಳ ಫ್ಲೈ ಮೀನುಗಾರಿಕೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ರೂಢಿಯಲ್ಲಿರುವ ಒಂದು ಹವ್ಯಾಸ. ವಾಹನಗಳು ತಲುಪಲಾಗದ ಎತ್ತರದ ಪರ್ವತ ಸರೋವರಗಳಿಗೆ ಬೆನ್ನುಚೀಲ ಹೊತ್ತು ಕಾಲ್ನಡಿಗೆಯಲ್ಲಿ ಹೋಗಿ, ಕೃತಕ ಕೀಟವನ್ನು ಕಟ್ಟಿದ ಗಾಳದಿಂದ ಟ್ರೌಟ್ ಜಾತಿಯ ಮೀನುಗಳನ್ನು ಹಿಡಿಯುವುದು ಇದರ ಸ್ವರೂಪ. ಚಾರಣ ಮತ್ತು ಮೀನುಗಾರಿಕೆ ಎರಡೂ ಇದರಲ್ಲಿ ಕೂಡಿವೆ. ಈ ಸರೋವರಗಳು ಮಾನವ ಸ್ಪರ್ಶವಿಲ್ಲದ ನಿಸರ್ಗದಂತೆ ಕಾಣುತ್ತವೆಯಾದರೂ, ಅವುಗಳಲ್ಲಿರುವ ಮೀನುಗಳು ಬಹುತೇಕ ಮನುಷ್ಯರು ತಂದು ಬಿಟ್ಟವು. 19ನೇ ಶತಮಾನದ ಮಧ್ಯಭಾಗದವರೆಗೆ ಸಿಯೆರಾ ನೆವಾಡಾದ ಎತ್ತರದ ಸರೋವರಗಳಲ್ಲಿ ಮೀನುಗಳು ಇರಲಿಲ್ಲವೆಂದೇ ಹೇಳಬಹುದು. ಮೀನು ಬಿತ್ತನೆಯಿಂದ ಬೆಳೆದ ಈ ಹವ್ಯಾಸವು ಅಲ್ಲಿಯ ಮೂಲನಿವಾಸಿ ಕಪ್ಪೆಗಳ ಅವನತಿಗೂ ಕಾರಣವಾಯಿತು. ಇದರಿಂದಾಗಿ ಯಾವ ಸರೋವರದಲ್ಲಿ ಮೀನು ಉಳಿಯಬೇಕು, ಯಾವುದರಲ್ಲಿ ಉಳಿಯಬಾರದು ಎಂಬ ಪ್ರಶ್ನೆ ಇಂದು ಮುಖ್ಯವಾಗಿದೆ.

ಫ್ಲೈ ಮೀನುಗಾರಿಕೆಯ ಸ್ವರೂಪ

ಟ್ರೌಟ್ ಮೀನುಗಳ ಆಹಾರದಲ್ಲಿ ಕೀಟಗಳದೇ ದೊಡ್ಡ ಪಾಲು. ಆ ಕೀಟಗಳನ್ನು ಹೋಲುವಂತೆ ಹಕ್ಕಿಯ ಗರಿ, ಪ್ರಾಣಿಯ ರೋಮ, ಉಣ್ಣೆ ಮತ್ತು ನೂಲನ್ನು ಸಣ್ಣ ಕೊಕ್ಕೆಗೆ ಸುತ್ತಿ ಮಾಡಿದ ಕೃತಕ ಕೀಟಕ್ಕೆ ಇಂಗ್ಲಿಷಿನಲ್ಲಿ ಫ್ಲೈ, ಅಂದರೆ ನೊಣ, ಎಂದು ಹೆಸರು. ಈ ಪದ್ಧತಿ ಬಹಳ ಹಳೆಯದು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಬದುಕಿದ್ದ ರೋಮನ್ ಲೇಖಕ ಏಲಿಯನ್, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನೂ ಗರಿಗಳನ್ನೂ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ.

ಕರ್ನಾಟಕದ ಕೆರೆ ಹೊಳೆಗಳ ದಂಡೆಯಲ್ಲಿ ಕಾಣುವ ಗಾಳಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸವೊಂದಿದೆ. ಸಾಮಾನ್ಯ ಗಾಳದಲ್ಲಿ ಎರೆಹುಳು ಅಥವಾ ಹಿಟ್ಟಿನ ಉಂಡೆಯನ್ನು ಸಿಕ್ಕಿಸಿ, ತೂಕಕ್ಕೆ ಸೀಸದ ಗುಂಡನ್ನು ಕಟ್ಟಿ ಎಸೆಯುತ್ತಾರೆ. ತುದಿಯ ಭಾರವೇ ದಾರವನ್ನು ಎಳೆದೊಯ್ಯುತ್ತದೆ. ಕೃತಕ ನೊಣಕ್ಕಾದರೋ ತೂಕವೇ ಇಲ್ಲ, ಅದನ್ನು ಎಸೆದರೆ ದೂರ ಹೋಗದು. ಆದ್ದರಿಂದ ಇಲ್ಲಿ ತೂಕವನ್ನು ದಾರದಲ್ಲಿಯೇ ಇರಿಸಲಾಗುತ್ತದೆ. ಪ್ಲಾಸ್ಟಿಕ್ ಲೇಪನವಿರುವ ದಪ್ಪ ದಾರವನ್ನು ಬಾಗುವ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಅದು ಗಾಳಿಯಲ್ಲಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಅದರ ತುದಿಗೆ ಕಟ್ಟಿದ ಪಾರದರ್ಶಕ ತೆಳು ಎಳೆಯೂ ಎಳೆಯ ಕೊನೆಯ ನೊಣವೂ ದಾರದ ಹಿಂದೆ ಸಾಗಿ ನೀರಿನ ಮೇಲೆ ಹಗುರವಾಗಿ ಇಳಿಯುತ್ತವೆ. ನಿಜವಾದ ಕೀಟವೊಂದು ನೀರಿಗೆ ಬಿದ್ದಂತೆ ತೋರಬೇಕೆಂಬುದೇ ಈ ಕೌಶಲದ ಗುರಿ.

ಭೌಗೋಳಿಕ ಹಿನ್ನೆಲೆ

ಸಿಯೆರಾ ನೆವಾಡಾ ಎಂಬ ಸ್ಪ್ಯಾನಿಷ್ ಹೆಸರಿಗೆ ಹಿಮಾಚ್ಛಾದಿತ ಪರ್ವತಸಾಲು ಎಂದರ್ಥ. ಈ ಶ್ರೇಣಿಯು ಉತ್ತರದಿಂದ ದಕ್ಷಿಣಕ್ಕೆ ಸುಮಾರು 640 ಕಿ.ಮೀ. ಚಾಚಿಕೊಂಡಿದೆ. ಇದರ ಅತ್ಯುನ್ನತ ಶಿಖರವಾದ ಮೌಂಟ್ ವಿಟ್ನಿಯ ಎತ್ತರ 4,421 ಮೀ. ಶ್ರೇಣಿಯ ಬಹುಭಾಗ ಗ್ರಾನೈಟ್ ಶಿಲೆಯಿಂದ ಕೂಡಿದೆ. ಪಶ್ಚಿಮದ ಇಳಿಜಾರು ನಿಧಾನವಾಗಿ ಬಯಲಿಗೆ ಇಳಿದರೆ ಪೂರ್ವದ ಮುಖ ಗೋಡೆಯಂತೆ ಕಡಿದಾಗಿದೆ.

ಹಿಮಯುಗದಲ್ಲಿ ಈ ಪರ್ವತಗಳನ್ನು ಹಿಮನದಿಗಳು ಆವರಿಸಿದ್ದವು. ಅವು ಕೆಳಕ್ಕೆ ಸರಿಯುತ್ತ ಬಂಡೆಯನ್ನು ಉಜ್ಜಿ ಕೊರೆದು ಶಿಖರಗಳ ಬುಡದಲ್ಲಿ ಬೋಗುಣಿಯಂತಹ ತಗ್ಗುಗಳನ್ನು ಉಂಟುಮಾಡಿದವು. ಹಿಮ ಕರಗಿ ಹಿಂದೆ ಸರಿದ ಮೇಲೆ ಆ ತಗ್ಗುಗಳಲ್ಲಿ ನೀರು ನಿಂತು ಸಾವಿರಾರು ಸರೋವರಗಳಾದವು. ಅವುಗಳಲ್ಲಿ ಅನೇಕವು 3,000 ಮೀ.ಗಿಂತ ಎತ್ತರದಲ್ಲಿವೆ. ಹಲವು ಸರೋವರಗಳು ಮರಗಳು ಬೆಳೆಯಬಲ್ಲ ಎತ್ತರವನ್ನೂ ದಾಟಿ, ಬರಿಯ ಬಂಡೆ ಮತ್ತು ಹುಲ್ಲಿನ ನಡುವೆ ಇವೆ.

ಸರೋವರಗಳಲ್ಲಿ ಮೀನಿಲ್ಲದಿರುವುದಕ್ಕೂ ಹಿಮನದಿಗಳೇ ಕಾರಣ. ಹಿಮ ಕವಿದಿದ್ದಾಗ ಅಲ್ಲಿ ಮೀನು ಬದುಕುವಂತಿರಲಿಲ್ಲ. ಹಿಮ ಸರಿದ ಮೇಲೆ ಕೆಳಗಿನ ನದಿಗಳಿಂದ ಮೀನುಗಳು ಮೇಲೇರಿ ಬರಲು ಕಡಿದಾದ ಜಲಪಾತಗಳು ಅಡ್ಡಿಯಾದವು. ಸುಮಾರು 1,800 ಮೀ.ಗಿಂತ ಎತ್ತರದಲ್ಲಿ ಮೀನುಗಳಿದ್ದ ತಾಣಗಳು ಬೆರಳೆಣಿಕೆಯಷ್ಟು ಮಾತ್ರ. ದಕ್ಷಿಣದಲ್ಲಿರುವ ಕರ್ನ್ ನದಿಯ ಮೇಲ್ಭಾಗ ಅವುಗಳಲ್ಲಿ ಪ್ರಮುಖವಾದುದು. ಹೊಂಬಣ್ಣದ ಗೋಲ್ಡನ್ ಟ್ರೌಟ್ ಮೀನಿನ ಮೂಲನೆಲೆ ಅದೇ.

ಇತಿಹಾಸ

ಮೊದಲ ಸಾಗಣೆಗಳು

1850ರ ಸುಮಾರಿಗೆ ಚಿನ್ನದ ಹುಡುಕಾಟ ಆರಂಭವಾದ ಬಳಿಕ ಗಣಿಗಾರರು, ಕುರಿಗಾಹಿಗಳು, ಮರ ಕಡಿಯುವವರು ಪರ್ವತದ ಒಳಭಾಗಗಳಿಗೆ ಬಂದರು. ತಾವು ಬೀಡುಬಿಟ್ಟ ಕಡೆ ಆಹಾರಕ್ಕೂ ವಿನೋದಕ್ಕೂ ಮೀನು ಬೇಕೆನಿಸಿ ಅವರು ಹೊಳೆಗಳ ಮೀನುಗಳನ್ನು ಮೀನಿಲ್ಲದ ನೀರಿಗೆ ಒಯ್ದು ಬಿಡತೊಡಗಿದರು. ಈ ಸಾಗಣೆಗಳಲ್ಲಿ ಪ್ರಸಿದ್ಧವಾದದ್ದು 1876ರದು. ಶೆರ್ಮನ್ ಸ್ಟೀವನ್ಸ್ ಎಂಬ ಮರದ ಕಾರ್ಖಾನೆಯ ಒಡೆಯನು ಮಲ್ಕಿ ತೊರೆಯಿಂದ ಹನ್ನೆರಡು ಹದಿಮೂರು ಗೋಲ್ಡನ್ ಟ್ರೌಟ್‌ಗಳನ್ನು ಕಾಫಿ ಕಾಸುವ ಪಾತ್ರೆಯಲ್ಲಿ ಹೊತ್ತು ತಂದು ಕಾಟನ್‌ವುಡ್ ತೊರೆಗೆ ಬಿಟ್ಟನೆಂದು ದಾಖಲಾಗಿದೆ. ಆ ಕೆಲವೇ ಮೀನುಗಳ ಸಂತತಿ ತೊರೆಯಲ್ಲಿ ಬೆಳೆಯಿತು. 1891ರಲ್ಲಿ ಅಲ್ಲಿಂದ ಮೀನುಗಳನ್ನು ತೊರೆಯ ಮೇಲ್ಭಾಗದ ಕಾಟನ್‌ವುಡ್ ಸರೋವರಗಳಿಗೆ ಸಾಗಿಸಲಾಯಿತು. ಮುಂದೆ ಗೋಲ್ಡನ್ ಟ್ರೌಟ್ ಮೊಟ್ಟೆಗಳಿಗೆ ಆ ಸರೋವರಗಳೇ ರಾಜ್ಯದ ಮುಖ್ಯ ಮೂಲವಾದವು. ಅಲ್ಲಿಯ ಮೊಟ್ಟೆಗಳು ಕ್ಯಾಲಿಫೋರ್ನಿಯದ ಹೊರಗೂ ಹೋದವು. ಇದುವರೆಗೆ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಗೋಲ್ಡನ್ ಟ್ರೌಟ್, ಸುಮಾರು 5 ಕಿ.ಗ್ರಾಂ. ತೂಕದ್ದು, ದೊರೆತದ್ದು ಅದರ ಮೂಲನೆಲೆಯಲ್ಲಲ್ಲ. ದೂರದ ವೈಯೋಮಿಂಗ್ ರಾಜ್ಯದ ಪರ್ವತ ಸರೋವರವೊಂದರಲ್ಲಿ, 1948ರಲ್ಲಿ.

ಮೂಲನೆಲೆಯಲ್ಲಿ ಮಾತ್ರ ಗೋಲ್ಡನ್ ಟ್ರೌಟ್‌ನ ಸ್ಥಿತಿ 20ನೇ ಶತಮಾನದ ಆರಂಭಕ್ಕೇ ಆತಂಕ ಹುಟ್ಟಿಸಿತ್ತು. ಅತಿಯಾಗಿ ಹಿಡಿಯುವುದರಿಂದ ಈ ಮೀನು ಅಳಿದುಹೋಗಬಹುದೆಂದು ಲೇಖಕ ಸ್ಟೂವರ್ಟ್ ಎಡ್ವರ್ಡ್ ವೈಟ್ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರ ಗಮನಕ್ಕೆ ತಂದರು. ಅದರ ಫಲವಾಗಿ 1904ರಲ್ಲಿ ಮತ್ಸ್ಯವಿಜ್ಞಾನಿ ಬಾರ್ಟನ್ ವಾರೆನ್ ಎವರ್‌ಮನ್ ಅವರ ನೇತೃತ್ವದಲ್ಲಿ ಅಧ್ಯಯನ ನಡೆದು, 1906ರಲ್ಲಿ ವರದಿ ಪ್ರಕಟವಾಯಿತು. 1947ರಲ್ಲಿ ಗೋಲ್ಡನ್ ಟ್ರೌಟ್ ಅನ್ನು ಕ್ಯಾಲಿಫೋರ್ನಿಯದ ರಾಜ್ಯ ಮೀನು ಎಂದು ಘೋಷಿಸಲಾಯಿತು. 1978ರಲ್ಲಿ ಅದರ ನೆಲೆಯ ಸುತ್ತಲಿನ ಪ್ರದೇಶವು ಗೋಲ್ಡನ್ ಟ್ರೌಟ್ ವನ್ಯಪ್ರದೇಶವೆಂಬ ಹೆಸರಿನಲ್ಲಿ ಸಂರಕ್ಷಿತವಾಯಿತು.

ಹೇಸರಗತ್ತೆಯಿಂದ ವಿಮಾನಕ್ಕೆ

ವ್ಯಕ್ತಿಗಳ ಉತ್ಸಾಹದಿಂದ ಆರಂಭವಾದ ಮೀನು ಸಾಗಣೆಯನ್ನು 20ನೇ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರ ವಹಿಸಿಕೊಂಡಿತು. ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಬೆಳೆಸಿದ ಮರಿಗಳನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿ, ಹೇಸರಗತ್ತೆಗಳ ಬೆನ್ನಿಗೆ ಕಟ್ಟಿ, ದಿನಗಟ್ಟಲೆ ನಡೆದು ಸರೋವರಗಳಿಗೆ ಒಯ್ಯಲಾಗುತ್ತಿತ್ತು. ನೀರು ಬಿಸಿಯೇರಿದರೆ ಅಥವಾ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾದರೆ ಮರಿಗಳು ಸಾಯುತ್ತಿದ್ದುದರಿಂದ ದಾರಿಯಲ್ಲಿ ಸಿಕ್ಕ ತೊರೆಗಳಲ್ಲಿ ನೀರು ಬದಲಿಸಬೇಕಾಗುತ್ತಿತ್ತು. ಇಷ್ಟು ಶ್ರಮವಿದ್ದ ಕಾರಣ, ದಾರಿಯಿಲ್ಲದ ಅನೇಕ ಸರೋವರಗಳು ಮೀನಿಲ್ಲದೆಯೇ ಉಳಿದಿದ್ದವು.

ಎರಡನೆಯ ಮಹಾಯುದ್ಧದ ನಂತರ ಈ ಕೆಲಸಕ್ಕೆ ವಿಮಾನಗಳು ಬಂದವು. ಕೆಳಮಟ್ಟದಲ್ಲಿ ಹಾರುವ ವಿಮಾನದಿಂದ ನೀರಿನೊಡನೆ ಮರಿಗಳನ್ನು ಸರೋವರದ ಮೇಲೆ ಸುರಿಯಲಾಗುತ್ತಿತ್ತು. ಕೆಲವೇ ಸೆಂಟಿಮೀಟರ್ ಉದ್ದದ ಹಗುರ ಮರಿಗಳ ಬೀಳುವ ವೇಗವನ್ನು ಗಾಳಿಯ ತಡೆಯೇ ತಗ್ಗಿಸುವುದರಿಂದ ಅವುಗಳಲ್ಲಿ ಹೆಚ್ಚಿನವು ಬದುಕುತ್ತಿದ್ದವು. ವಾರಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಅತ್ಯಂತ ದುರ್ಗಮ ಸರೋವರಗಳೂ ಮೀನು ಬಿತ್ತನೆಯ ವ್ಯಾಪ್ತಿಗೆ ಬಂದವು. ಇದೇ ಕಾಲದಲ್ಲಿ ಹಗುರವಾದ ಬೆನ್ನುಚೀಲ, ಡೇರೆ, ಮಲಗುವ ಚೀಲಗಳು ಬಳಕೆಗೆ ಬಂದು ಚಾರಣವು ಜನಪ್ರಿಯವಾಯಿತು. ನಡೆದು ಹೋಗುವವರ ಸಂಖ್ಯೆಯೂ ಮೀನಿರುವ ಸರೋವರಗಳ ಸಂಖ್ಯೆಯೂ ಜೊತೆಜೊತೆಯಾಗಿಯೇ ಏರಿದವು.

ಮೀನಿನ ಜಾತಿಗಳು

ಗೋಲ್ಡನ್ ಟ್ರೌಟ್: ಚಾರಣಿಗರು ಅತಿಯಾಗಿ ಅರಸುವ ಮೀನು. ಹೊಟ್ಟೆ ಮತ್ತು ಪಕ್ಕೆಗಳಲ್ಲಿ ಹೊಂಬಣ್ಣ, ದೇಹದ ಉದ್ದಕ್ಕೂ ಕೆಂಪು ಪಟ್ಟೆ, ಅದರ ಮೇಲೆ ಸಾಲಾಗಿ ಕಪ್ಪು ಮಚ್ಚೆಗಳು ಇದರ ಲಕ್ಷಣ. ಇತರ ಟ್ರೌಟ್‌ಗಳಲ್ಲಿ ಮರಿಯಾಗಿದ್ದಾಗ ಮಾತ್ರ ಕಾಣುವ ಈ ಮಚ್ಚೆಗಳು ಗೋಲ್ಡನ್ ಟ್ರೌಟ್‌ನಲ್ಲಿ ಬೆಳೆದ ಮೇಲೂ ಉಳಿಯುತ್ತವೆ. ಮೂಲನೆಲೆಯಾದ ತೊರೆಗಳಲ್ಲಿ ಇದು ಚಿಕ್ಕದಾಗಿರುತ್ತದೆ, ಸರೋವರಗಳಲ್ಲಿ ಇನ್ನಷ್ಟು ಬೆಳೆಯುತ್ತದೆ.

ರೇನ್‌ಬೋ ಟ್ರೌಟ್: ಕ್ಯಾಲಿಫೋರ್ನಿಯದ ತಗ್ಗು ಪ್ರದೇಶದ ನದಿಗಳ ಮೀನು. ಎತ್ತರದ ಸರೋವರಗಳಿಗೆ ಇದನ್ನು ಅತ್ಯಂತ ವ್ಯಾಪಕವಾಗಿ ಬಿತ್ತಲಾಯಿತು. ಇದು ಗೋಲ್ಡನ್ ಟ್ರೌಟ್‌ನೊಡನೆ ಸುಲಭವಾಗಿ ಕೂಡಿ ಮಿಶ್ರಸಂತತಿಯನ್ನು ಪಡೆಯುವುದರಿಂದ ಶುದ್ಧ ತಳಿಯ ಗೋಲ್ಡನ್ ಟ್ರೌಟ್‌ಗಳ ಅಸ್ತಿತ್ವಕ್ಕೆ ಕುತ್ತು ಬಂದಿದೆ.

ಬ್ರೂಕ್ ಟ್ರೌಟ್: ಉತ್ತರ ಅಮೆರಿಕದ ಪೂರ್ವಭಾಗದಿಂದ ತಂದ ಮೀನು. ರೇನ್‌ಬೋ ಮತ್ತು ಗೋಲ್ಡನ್ ಟ್ರೌಟ್‌ಗಳಿಗೆ ಮೊಟ್ಟೆಯಿಡಲು ಜಲ್ಲಿಕಲ್ಲಿನ ಮೇಲೆ ಹರಿಯುವ ನೀರು ಬೇಕು. ಬ್ರೂಕ್ ಟ್ರೌಟ್ ಸರೋವರದ ತಳದ ಜಲ್ಲಿಯಲ್ಲಿಯೂ ಮೊಟ್ಟೆಯಿಡಬಲ್ಲದು. ಆದ್ದರಿಂದ ತೊರೆಗಳಿಲ್ಲದ ಸರೋವರದಲ್ಲಿಯೂ ಅದು ಹೆಚ್ಚುತ್ತಲೇ ಹೋಗುತ್ತದೆ. ಆಹಾರ ಸಾಲದಾದಾಗ ಮೀನುಗಳು ದೊಡ್ಡ ತಲೆ ಮತ್ತು ಬಡಕಲು ಮೈಯೊಡನೆ ಕುಬ್ಜವಾಗಿ ಉಳಿಯುತ್ತವೆ.

ಬ್ರೌನ್ ಟ್ರೌಟ್: ಯೂರೋಪ್ ಮೂಲದ್ದು. ಎತ್ತರದ ಸರೋವರಗಳಿಗಿಂತ ಕೆಳಗಿನ ತೊರೆಗಳಲ್ಲಿ ಹೆಚ್ಚು. ದೊಡ್ಡದಾದ ಮೇಲೆ ಇತರ ಮೀನುಗಳನ್ನೂ ತಿನ್ನುತ್ತದೆ.

ಚಾರಣ

ಎತ್ತರದ ಸರೋವರಗಳ ಮೇಲಿನ ಮಂಜುಗಡ್ಡೆ ಸಾಮಾನ್ಯವಾಗಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಕರಗುತ್ತದೆ. ಚಳಿಗಾಲದಲ್ಲಿ ಹೆಚ್ಚು ಹಿಮ ಬಿದ್ದ ವರ್ಷ ಇದು ಇನ್ನೂ ತಡವಾಗಬಹುದು. ಜುಲೈ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಚಾರಣಕ್ಕೆ ಅನುಕೂಲವಾದ ಕಾಲ. ಋತುವಿನ ಮೊದಲ ಭಾಗದಲ್ಲಿ ಸೊಳ್ಳೆಗಳ ಕಾಟವೂ ತುಂಬಿ ಹರಿಯುವ ತೊರೆಗಳನ್ನು ದಾಟುವ ಅಪಾಯವೂ ಇರುತ್ತವೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಹಠಾತ್ತನೆ ಗುಡುಗು ಮಿಂಚಿನ ಮಳೆ ಬರುವುದುಂಟು. ಬಯಲಿನಲ್ಲಿ ಉದ್ದನೆಯ ಕೋಲು ಹಿಡಿದು ನಿಂತವರಿಗೆ ಸಿಡಿಲು ವಿಶೇಷ ಅಪಾಯಕಾರಿ. ಆದುದರಿಂದ ಕಣಿವೆಮಾರ್ಗಗಳನ್ನು ಬೆಳಗಿನಲ್ಲಿಯೇ ದಾಟುವುದು ರೂಢಿ.

ಪೂರ್ವದ ಕಡಿದಾದ ಮುಖದಿಂದ ಸರೋವರಗಳು ಹತ್ತಿರ. ಲೋನ್ ಪೈನ್, ಇಂಡಿಪೆಂಡೆನ್ಸ್, ಬಿಷಪ್, ಮ್ಯಾಮತ್ ಲೇಕ್ಸ್ ಊರುಗಳು ಪೂರ್ವದ ಕಣಿವೆಯ 395ನೇ ಹೆದ್ದಾರಿಯ ಮೇಲೆ ಅಥವಾ ಅದರ ಸಮೀಪದಲ್ಲಿವೆ. ಅಲ್ಲಿಂದ ಕವಲೊಡೆಯುವ ರಸ್ತೆಗಳು ಹಲವೆಡೆ 2,500ರಿಂದ 3,000 ಮೀ. ಎತ್ತರದವರೆಗೂ ಹೋಗುತ್ತವೆ. ಬಿಷಪ್ ಊರಿನ ಮೇಲಿನ ಪೈಯೂಟ್ ಕಣಿವೆಮಾರ್ಗವನ್ನು, ಸುಮಾರು 3,480 ಮೀ. ಎತ್ತರದಲ್ಲಿ, ದಾಟಿದರೆ ಹಂಫ್ರೀಸ್ ಬೇಸಿನ್ ಎಂಬ ವಿಶಾಲ ತಗ್ಗುಪ್ರದೇಶ ಸಿಗುತ್ತದೆ. ಅಲ್ಲಿಯ ಸರೋವರಗಳು ಗೋಲ್ಡನ್ ಟ್ರೌಟ್‌ಗೆ ಹೆಸರಾಗಿವೆ. ಅದೇ ಊರಿನಿಂದ ಸುಮಾರು 3,650 ಮೀ. ಎತ್ತರದ ಬಿಷಪ್ ಕಣಿವೆಮಾರ್ಗದ ಮೂಲಕ ಡ್ಯೂಸಿ ಬೇಸಿನ್ ತಲುಪಬಹುದು. ಕಾಟನ್‌ವುಡ್ ಸರೋವರಗಳಿಗೆ ಲೋನ್ ಪೈನ್ ಬಳಿಯಿಂದ ದಾರಿಯಿದೆ. ಯೊಸೆಮಿಟಿ ಕಣಿವೆಯಿಂದ ಮೌಂಟ್ ವಿಟ್ನಿವರೆಗಿನ, ಸುಮಾರು 340 ಕಿ.ಮೀ. ಉದ್ದದ ಜಾನ್ ಮ್ಯೂರ್ ಚಾರಣಮಾರ್ಗವೂ ಇಂತಹ ಹಲವು ಸರೋವರಗಳನ್ನು ಹಾದುಹೋಗುತ್ತದೆ.

ಸಮುದ್ರಮಟ್ಟದ ಊರುಗಳಿಂದ ಒಂದೇ ದಿನದಲ್ಲಿ ಈ ಎತ್ತರಕ್ಕೆ ಬರುವವರಿಗೆ ತಲೆನೋವು, ವಾಕರಿಕೆ, ನಿದ್ರಾಹೀನತೆ ಮುಂತಾದ ಪರ್ವತವ್ಯಾಧಿಯ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಮೊದಲ ರಾತ್ರಿಯನ್ನು ಚಾರಣ ಆರಂಭವಾಗುವ ಸ್ಥಳದಲ್ಲಿಯೇ ಕಳೆದು ಮುಂದುವರಿಯುವುದು ಹಿತ. ಲಕ್ಷಣಗಳು ಉಲ್ಬಣಿಸಿದರೆ ಕೆಳಗಿಳಿಯುವುದೇ ಸರಿಯಾದ ಪರಿಹಾರ. ಸರೋವರದ ನೀರು ತಿಳಿಯಾಗಿ ಕಂಡರೂ ಅದರಲ್ಲಿ ಜಿಯಾರ್ಡಿಯದಂತಹ ರೋಗಾಣುಗಳು ಇರಬಹುದಾದ ಕಾರಣ ಸೋಸಿ ಅಥವಾ ಕುದಿಸಿ ಕುಡಿಯಬೇಕು.

ಮೀನು ಹಿಡಿಯುವ ವಿಧಾನ

ಡೇರೆ, ಆಹಾರ, ಬಟ್ಟೆಗಳ ಜೊತೆಗೆ ಮೀನುಗಾರಿಕೆಯ ಸಾಮಗ್ರಿಯನ್ನೂ ಬೆನ್ನ ಮೇಲೆಯೇ ಹೊರಬೇಕಾದುದರಿಂದ ಪ್ರತಿಯೊಂದು ಗ್ರಾಂ ತೂಕವೂ ಲೆಕ್ಕಕ್ಕೆ ಬರುತ್ತದೆ. ನಾಲ್ಕರಿಂದ ಏಳು ತುಂಡುಗಳಾಗಿ ಬಿಚ್ಚಬಹುದಾದ, ಜೋಡಿಸಿದಾಗ ಸುಮಾರು 2.5 ಮೀ. ಉದ್ದವಾಗುವ ಕೋಲು, ಸಣ್ಣ ರೀಲು, ತೇಲುವ ದಾರ ಮತ್ತು ನೊಣಗಳ ಒಂದು ಪುಟ್ಟ ಡಬ್ಬಿ ಸಾಮಾನ್ಯವಾಗಿ ಸಾಕಾಗುತ್ತವೆ. ಇತ್ತೀಚಿನ ದಶಕಗಳಲ್ಲಿ ಜಪಾನಿನ ತೆಂಕಾರ ಪದ್ಧತಿಯೂ ಚಾರಣಿಗರ ಮೆಚ್ಚುಗೆ ಗಳಿಸಿದೆ. ಅದರಲ್ಲಿ ರೀಲು ಇರುವುದಿಲ್ಲ. ಒಂದರೊಳಗೊಂದು ಸೇರಿಕೊಳ್ಳುವ ಉದ್ದ ಕೋಲಿನ ತುದಿಗೇ ದಾರವನ್ನು ಕಟ್ಟಲಾಗುತ್ತದೆ.

ನದಿಯಲ್ಲಿ ಮೀನು ಒಂದೆಡೆ ನಿಂತು, ಪ್ರವಾಹ ತರುವ ಆಹಾರಕ್ಕೆ ಕಾಯುತ್ತದೆ. ಸರೋವರದಲ್ಲಿ ಪ್ರವಾಹವಿಲ್ಲದ ಕಾರಣ ಮೀನೇ ಆಹಾರವನ್ನು ಹುಡುಕುತ್ತ ದಂಡೆಯುದ್ದಕ್ಕೂ ಸುತ್ತುತ್ತದೆ. ಆದ್ದರಿಂದ ಮೊದಲು ನೋಡುವುದು, ಬಳಿಕ ಬೀಸುವುದು ಇಲ್ಲಿಯ ಕ್ರಮ. ತಿಳಿನೀರಿನಲ್ಲಿ ಮೀನಿನ ನೆರಳನ್ನು ಗುರುತಿಸಿ, ಅದು ಸಾಗುವ ದಿಕ್ಕನ್ನು ಅಂದಾಜಿಸಿ, ಅದರ ಮುಂದೆ ಕೆಲವು ಅಡಿ ದೂರದಲ್ಲಿ ನೊಣವನ್ನು ಇಳಿಸಲಾಗುತ್ತದೆ. ತೊರೆ ಒಳಬರುವ ಮತ್ತು ಹೊರಹೋಗುವ ಬಾಯಿಗಳು, ಆಳವಿಲ್ಲದ ನೀರು ಥಟ್ಟನೆ ಆಳವಾಗುವ ಅಂಚುಗಳು, ನೀರಿನಲ್ಲಿ ಮುಳುಗಿದ ಬಂಡೆಗಳ ಬದಿಗಳು ಮೀನು ಹೆಚ್ಚಾಗಿ ಸುಳಿಯುವ ತಾಣಗಳು. ಬೆಳಕಿನ ವಕ್ರೀಭವನದಿಂದಾಗಿ ನೀರಿನೊಳಗಿನ ಮೀನಿಗೆ ದಂಡೆಯಲ್ಲಿ ನೆಟ್ಟಗೆ ನಿಂತ ಮನುಷ್ಯ ಕಾಣುತ್ತಾನೆ. ಅನುಭವಿಗಳು ಬಾಗಿ ಅಥವಾ ಬಂಡೆಯ ಹಿಂದೆ ಕುಳಿತು ಬೀಸುವುದಕ್ಕೆ ಇದೇ ಕಾರಣ.

ಯಾವ ನೊಣವನ್ನು ಕಟ್ಟಬೇಕೆಂಬುದು ಸರೋವರದ ಆಹಾರವನ್ನು ಅವಲಂಬಿಸಿದೆ. ಮಿಜ್ ಎಂಬ ಸಣ್ಣ ಕೀಟಗಳ ಮರಿಹುಳು ಮತ್ತು ಕೋಶಗಳು, ಮೇಫ್ಲೈ ಮತ್ತು ಕ್ಯಾಡಿಸ್ ಕೀಟಗಳು ಇಲ್ಲಿ ಮುಖ್ಯವಾದವು. ಮಧ್ಯಾಹ್ನದ ಗಾಳಿ ಕಣಿವೆಯಿಂದ ಮೇಲೆ ಬೀಸುವಾಗ ಇರುವೆ, ದುಂಬಿ, ಮಿಡತೆಗಳನ್ನು ಹೊತ್ತು ತಂದು ನೀರಿನ ಮೇಲೆ ಕೆಡವುತ್ತದೆ. ಆ ಹೊತ್ತಿನಲ್ಲಿ ಇರುವೆ ಅಥವಾ ದುಂಬಿಯನ್ನು ಹೋಲುವ ತೇಲುವ ನೊಣಕ್ಕೆ ಮೀನು ಬೇಗನೆ ಬರುತ್ತದೆ. ಬೇಸಗೆ ಚಿಕ್ಕದು, ಆಹಾರ ಮಿತವಾದುದು. ಆದುದರಿಂದ ಎತ್ತರದ ಸರೋವರಗಳ ಮೀನುಗಳು ನಿಧಾನವಾಗಿ ಬೆಳೆಯುತ್ತವೆ. ಅನೇಕ ಕಡೆ ಒಂದು ಗೇಣುದ್ದದ ಮೀನೇ ಒಳ್ಳೆಯ ಗಾತ್ರದ್ದು.

ಹಿಡಿದ ಮೀನನ್ನು ಮರಳಿ ಬಿಡುವವರು ಮುಳ್ಳಿಲ್ಲದ ಕೊಕ್ಕೆಯನ್ನು ಬಳಸುತ್ತಾರೆ. ಒಣಕೈಯಿಂದ ಹಿಡಿದರೆ ಮೀನಿನ ಮೈಮೇಲಿನ ಲೋಳೆಯ ರಕ್ಷಾಕವಚ ಕಿತ್ತುಹೋಗುತ್ತದೆ. ಆದ್ದರಿಂದ ಕೈಯನ್ನು ನೀರಿನಲ್ಲಿ ಅದ್ದಿಕೊಂಡು, ಮೀನನ್ನು ಆದಷ್ಟು ನೀರಿನಲ್ಲಿಯೇ ಇರಿಸಿ ಕೊಕ್ಕೆ ಬಿಡಿಸಬೇಕು. ಬ್ರೂಕ್ ಟ್ರೌಟ್ ಅತಿಯಾಗಿರುವ ಸರೋವರಗಳಲ್ಲಿ ನಿಯಮದ ಮಿತಿಯೊಳಗೆ ಕೆಲವು ಮೀನುಗಳನ್ನು ಅಡುಗೆಗೆ ಬಳಸುವುದರಿಂದ ಹಾನಿಯಿಲ್ಲ.

ನಿಯಮಗಳು

ಕ್ಯಾಲಿಫೋರ್ನಿಯದಲ್ಲಿ 16 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನವರು ಮೀನು ಹಿಡಿಯಲು ರಾಜ್ಯದ ಪರವಾನಗಿ ಪಡೆಯಬೇಕು. ರಾಷ್ಟ್ರೀಯ ಉದ್ಯಾನಗಳ ಒಳಗೂ ಈ ನಿಯಮ ಅನ್ವಯಿಸುತ್ತದೆ. ಹಿಡಿಯಬಹುದಾದ ಮೀನುಗಳ ಸಂಖ್ಯೆ, ಋತು ಮತ್ತು ಕೊಕ್ಕೆಯ ಬಗೆ ಸ್ಥಳದಿಂದ ಸ್ಥಳಕ್ಕೆ ಬೇರೆಯಾಗಿರುತ್ತವೆ. ಸಿಯೆರಾದ ವನ್ಯಪ್ರದೇಶಗಳಲ್ಲಿ ರಾತ್ರಿ ತಂಗಲು ಬೇರೊಂದು ಅನುಮತಿ ಅಗತ್ಯ. ಜನಪ್ರಿಯ ದಾರಿಗಳಲ್ಲಿ ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿದೆ. ಕಪ್ಪು ಕರಡಿಗಳು ಆಹಾರವನ್ನು ಅರಸಿ ಬರುವುದರಿಂದ ಅನೇಕ ಪ್ರದೇಶಗಳಲ್ಲಿ ಆಹಾರವನ್ನು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿಯೇ ಇಡುವುದು ಕಡ್ಡಾಯ. ಎತ್ತರದ ಸರೋವರಗಳ ಬಳಿ ಸೌದೆಯ ಬೆಂಕಿ ಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸಲಾಗಿದೆ. ಅಲ್ಲಿ ಮರಗಳು ವಿರಳ, ಒಂದು ಒಣಕೊಂಬೆ ಬೆಳೆಯಲು ದಶಕಗಳು ಬೇಕು. ಡೇರೆಯನ್ನು ನೀರಿನಿಂದ ದೂರದಲ್ಲಿ ಹಾಕುವುದು, ಸಾಬೂನನ್ನು ಸರೋವರಕ್ಕೆ ಬಿಡದಿರುವುದು, ಮಲವನ್ನು ನೀರಿನಿಂದ ದೂರ ಸುಮಾರು 15ರಿಂದ 20 ಸೆಂ.ಮೀ. ಆಳದಲ್ಲಿ ಹೂಳುವುದು, ಕಸವನ್ನು ಮರಳಿ ಹೊತ್ತು ತರುವುದು ಇತರ ಕಟ್ಟುಪಾಡುಗಳು. ಒಂದು ಸರೋವರದಿಂದ ಮತ್ತೊಂದಕ್ಕೆ ಖಾಸಗಿಯಾಗಿ ಮೀನು ಸಾಗಿಸುವುದು ಈಗ ಕಾನೂನುಬಾಹಿರ. 1876ರ ಕಾಫಿ ಪಾತ್ರೆಯ ಸಾಹಸವನ್ನು ಇಂದು ಮಾಡಿದರೆ ಅದು ಅಪರಾಧವಾಗುತ್ತದೆ.

ಪರಿಸರದ ಮೇಲಿನ ಪರಿಣಾಮ

ಮೀನಿಲ್ಲದ ಸರೋವರಗಳು ಜೀವವಿಲ್ಲದ ಸರೋವರಗಳಾಗಿರಲಿಲ್ಲ. ಅವುಗಳಲ್ಲಿ ಹಳದಿ ಕಾಲಿನ ಕಪ್ಪೆಗಳು ಅಪಾರ ಸಂಖ್ಯೆಯಲ್ಲಿದ್ದವು. ರಾಣಾ ಸಿಯೆರೆ ಮತ್ತು ರಾಣಾ ಮಸ್ಕೋಸಾ ಎಂಬ ಎರಡು ಪ್ರಭೇದಗಳು ಇವುಗಳಲ್ಲಿ ಸೇರಿವೆ. ಎತ್ತರದ ಚಳಿಯಲ್ಲಿ ಇವುಗಳ ಗೊದಮೊಟ್ಟೆಗಳು ಕಪ್ಪೆಗಳಾಗಲು ಎರಡರಿಂದ ನಾಲ್ಕು ವರ್ಷ ಹಿಡಿಯುತ್ತದೆ. ಬೇಸಗೆಯಲ್ಲಿ ಬತ್ತುವ ಅಥವಾ ಚಳಿಗಾಲದಲ್ಲಿ ತಳದವರೆಗೂ ಹೆಪ್ಪುಗಟ್ಟುವ ಹೊಂಡಗಳಲ್ಲಿ ಅವು ಉಳಿಯಲಾರವು. ವರ್ಷವಿಡೀ ನೀರಿರುವ ಆಳವಾದ ಸರೋವರಗಳೇ ಅವಕ್ಕೆ ಬೇಕು. ಮೀನು ಬಿತ್ತನೆಗೆ ಆರಿಸಿಕೊಂಡದ್ದೂ ಅಂತಹ ಸರೋವರಗಳನ್ನೇ. ಟ್ರೌಟ್‌ಗಳು ಗೊದಮೊಟ್ಟೆಗಳನ್ನೂ ಎಳೆಯ ಕಪ್ಪೆಗಳನ್ನೂ ತಿಂದವು. ಮೀನು ಮತ್ತು ಕಪ್ಪೆ ಒಂದೇ ಸರೋವರದಲ್ಲಿ ಒಟ್ಟಿಗೆ ಬಾಳುವುದಿಲ್ಲವೆಂಬುದನ್ನು ಪ್ರಾಣಿವಿಜ್ಞಾನಿಗಳಾದ ಜೋಸೆಫ್ ಗ್ರಿನೆಲ್ ಮತ್ತು ಟ್ರೇಸಿ ಸ್ಟೋರರ್ 1924ರಲ್ಲಿಯೇ ಗಮನಿಸಿ ಬರೆದಿದ್ದರು. ವಿಮಾನದಿಂದ ಮರಿ ಸುರಿಯುವ ಕಾಲ ಬಂದದ್ದು ಅದಾದ ಮೇಲೆ.

ಪರಿಣಾಮ ಕಪ್ಪೆಗಳಿಗಷ್ಟೇ ಸೀಮಿತವಾಗಲಿಲ್ಲ. ಮೀನುಗಳು ಮೇಫ್ಲೈ ಮೊದಲಾದ ಕೀಟಗಳ ಮರಿಹುಳುಗಳನ್ನು ನೀರಿನಲ್ಲಿಯೇ ತಿನ್ನುವುದರಿಂದ ರೆಕ್ಕೆ ಮೂಡಿ ಮೇಲೆದ್ದು ಬರುವ ಕೀಟಗಳು ಕಡಿಮೆಯಾದವು. ಆ ಕೀಟಗಳನ್ನು ತಿನ್ನುವ ಬೂದುನೆತ್ತಿಯ ರೋಸಿ ಫಿಂಚ್ ಎಂಬ ಪರ್ವತದ ಹಕ್ಕಿಗಳು ಮೀನಿರುವ ಸರೋವರಗಳ ಬಳಿ ಕಡಿಮೆ ಸಂಖ್ಯೆಯಲ್ಲಿ ಕಾಣುತ್ತವೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಪ್ಪೆಗಳನ್ನು ಅವಲಂಬಿಸಿದ್ದ ಗಾರ್ಟರ್ ಹಾವುಗಳೂ ವಿರಳವಾದವು.

ಇದರ ಜೊತೆಗೆ ಕೈಟ್ರಿಡ್ ಎಂಬ ಶಿಲೀಂಧ್ರದ ರೋಗವೂ ಸಿಯೆರಾದ ಕಪ್ಪೆಗಳಿಗೆ ತಗಲಿತು. ಈ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ಹತ್ತಿ, ಚರ್ಮದ ಮೂಲಕ ನಡೆಯುವ ಲವಣಗಳ ವಿನಿಮಯವನ್ನು ಕೆಡಿಸಿ ಸಾವನ್ನು ತರುತ್ತದೆ. ಮೀನುಗಳು ಕಪ್ಪೆಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಚದುರಿಸಿದ್ದವು. ರೋಗ ಒಂದು ಗುಂಪನ್ನು ಅಳಿಸಿದರೆ ಆ ಜಾಗಕ್ಕೆ ಮರಳಿ ಬರಲು ನೆರೆಯಲ್ಲಿ ಕಪ್ಪೆಗಳಿರಲಿಲ್ಲ. ಹಿಂದೆ ಈ ಕಪ್ಪೆಗಳಿದ್ದ ತಾಣಗಳಲ್ಲಿ ಶೇ. 90ಕ್ಕೂ ಹೆಚ್ಚು ಕಡೆ ಅವು ಕಣ್ಮರೆಯಾದವು. 2014ರಲ್ಲಿ ಸಿಯೆರಾದ ಹಳದಿ ಕಾಲಿನ ಕಪ್ಪೆಗಳನ್ನು ಅಮೆರಿಕದ ಸಂಯುಕ್ತ ಸರ್ಕಾರವು ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಪುನಃಸ್ಥಾಪನೆ

ರಾಷ್ಟ್ರೀಯ ಉದ್ಯಾನಗಳು ಮೀನು ಬಿತ್ತನೆಯನ್ನು ಹಂತಹಂತವಾಗಿ ತಗ್ಗಿಸಿ 1991ರ ಹೊತ್ತಿಗೆ ಸಂಪೂರ್ಣವಾಗಿ ನಿಲ್ಲಿಸಿದವು. ಆದರೆ ಬಿತ್ತನೆ ನಿಂತ ಮಾತ್ರಕ್ಕೆ ಮೀನುಗಳು ಇಲ್ಲವಾಗಲಿಲ್ಲ. ಮೊಟ್ಟೆಯಿಡಲು ಅನುಕೂಲವಿದ್ದ ಕಡೆಗಳಲ್ಲಿ ಅವು ತಾವಾಗಿಯೇ ಮುಂದುವರಿದವು. ಮೀನುಗಳನ್ನು ತೆಗೆದರೆ ಕಪ್ಪೆಗಳು ಮರಳುತ್ತವೆಯೇ ಎಂಬುದನ್ನು ತಿಳಿಯಲು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಸರೋವರಗಳಲ್ಲಿ ಪ್ರಯೋಗಗಳು ನಡೆದವು. ಬಲೆ ಹಾಕಿ ಮೀನುಗಳನ್ನು ತೆಗೆದ ಸರೋವರಗಳಲ್ಲಿ ಕೆಲವೇ ವರ್ಷಗಳಲ್ಲಿ ಕಪ್ಪೆಗಳ ಸಂಖ್ಯೆ ಏರಿತೆಂಬುದನ್ನು ಜೀವವಿಜ್ಞಾನಿ ವ್ಯಾನ್ಸ್ ವ್ರೆಡೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದರು. ಯೊಸೆಮಿಟಿಯಲ್ಲಿ ಮೀನು ಬಿತ್ತನೆ ನಿಂತ ನಂತರದ ಎರಡು ದಶಕಗಳಲ್ಲಿ ಹಳದಿ ಕಾಲಿನ ಕಪ್ಪೆಗಳ ಸಂಖ್ಯೆ ಸುಮಾರು ಏಳು ಪಟ್ಟು ಹೆಚ್ಚಿತೆಂದು ರೋಲಂಡ್ ನ್ಯಾಪ್ ಮತ್ತು ಸಂಗಡಿಗರು 2016ರಲ್ಲಿ ವರದಿ ಮಾಡಿದರು. ರೋಗವನ್ನು ಎದುರಿಸಿ ಉಳಿದ ಕಪ್ಪೆಗಳನ್ನು ಬೇರೆ ಸರೋವರಗಳಿಗೆ ಒಯ್ದು ಬಿಡುವ ಕೆಲಸವೂ ನಡೆದಿದೆ.

ಮೀನುಗಳನ್ನು ತೆಗೆಯುವ ಕಾರ್ಯವು ಚಾರಣಿಗ ಮೀನುಗಾರರಲ್ಲಿ ಭಿನ್ನಾಭಿಪ್ರಾಯವನ್ನು ಹುಟ್ಟಿಸಿತು. ತಲೆಮಾರುಗಳಿಂದ ಕುಟುಂಬದೊಡನೆ ಹೋಗಿಬರುತ್ತಿದ್ದ ಸರೋವರ ಬರಿದಾಗುವುದು ಕೆಲವರಿಗೆ ನೋವಿನ ಸಂಗತಿ. ಪೂರ್ವದ ಕಣಿವೆಯ ಊರುಗಳ ಅಂಗಡಿ, ವಸತಿಗೃಹ, ಹೇಸರಗತ್ತೆಗಳ ಸಾಗಣೆದಾರರ ಜೀವನಕ್ಕೂ ಮೀನುಗಾರಿಕೆಯೊಂದಿಗೆ ನಂಟಿದೆ. ಇನ್ನೊಂದೆಡೆ, ಆ ಪರ್ವತಗಳಲ್ಲದೆ ಬೇರೆ ನೆಲೆಯೇ ಇಲ್ಲದಿರುವುದು ರಾಣಾ ಸಿಯೆರೆ ಕಪ್ಪೆಗೆ. ಟ್ರೌಟ್‌ಗಾದರೋ ಸಾವಿರಾರು ಬೇರೆ ನೀರುಗಳಿವೆ. ಈ ಕಾರಣದಿಂದ ಎಲ್ಲ ಸರೋವರಗಳನ್ನೂ ಮೀನುರಹಿತ ಮಾಡುವ ಯೋಜನೆ ಎಲ್ಲಿಯೂ ಇಲ್ಲ. ಕೆಳಗಿನಿಂದ ಮೀನು ಮರಳಿ ಏರಿಬರದಂತೆ ಜಲಪಾತದ ತಡೆ ಇರುವ, ಹತ್ತಿರದಲ್ಲಿ ಕಪ್ಪೆಗಳು ಉಳಿದಿರುವ ಸರೋವರಗಳ ಗುಂಪನ್ನು ಆರಿಸಿ ಅವನ್ನಷ್ಟೇ ಕಪ್ಪೆಗಳಿಗೆ ಮೀಸಲಿಡಲಾಗುತ್ತದೆ. ಮೀನಿರುವ ಸರೋವರಗಳ ಬಹುಪಾಲು ಮೀನುಗಾರರಿಗೆ ತೆರೆದೇ ಇವೆ.

ಭಾರತದಲ್ಲಿ ಹೋಲಿಕೆಯ ಉದಾಹರಣೆಗಳು

ಭಾರತದಲ್ಲಿಯೂ ರೇನ್‌ಬೋ ಮತ್ತು ಬ್ರೌನ್ ಟ್ರೌಟ್‌ಗಳು ಹೊರಗಿನಿಂದ ಬಂದ ಮೀನುಗಳು. ಬ್ರಿಟನ್ನಿನಿಂದ ಕಾಶ್ಮೀರಕ್ಕೆ 1899ರಲ್ಲಿ ಕಳುಹಿಸಿದ ಬ್ರೌನ್ ಟ್ರೌಟ್ ಮೊಟ್ಟೆಗಳು ದಾರಿಯಲ್ಲಿ ಹಾಳಾದವು. 1900ರಲ್ಲಿ ಬಂದವು ಉಳಿದುಕೊಂಡವು. ಇಂದು ವಿಶನ್‌ಸರ್, ಕೃಷ್ಣಸರ್, ಗಂಗಾಬಲ್ ಮುಂತಾದ ಎತ್ತರದ ಸರೋವರಗಳಿಗೆ ಚಾರಣ ಮಾಡುವವರು ಅಲ್ಲಿ ಟ್ರೌಟ್ ಮೀನುಗಳನ್ನು ಕಾಣಬಹುದು. ನೀಲಗಿರಿಯ ತಂಪು ನೀರಿಗೂ ಟ್ರೌಟ್‌ಗಳನ್ನು ತಂದು ಬಿಡಲಾಯಿತು.

ಕರ್ನಾಟಕದಲ್ಲಿ ಹಿಮನದಿಗಳು ಕೊರೆದ ಸರೋವರಗಳಾಗಲಿ ಟ್ರೌಟ್ ಮೀನುಗಾರಿಕೆಯಾಗಲಿ ಇಲ್ಲ. ಆದರೆ ಹೊರಗಿನ ಮೀನನ್ನು ಬಿತ್ತಿದ್ದರಿಂದ ಮೂಲನಿವಾಸಿಗೆ ಕೇಡಾದ ಪ್ರಸಂಗ ಇಲ್ಲಿಯೂ ಉಂಟು. ಕಾವೇರಿ ಜಲಾನಯನಕ್ಕೆ ಮಾತ್ರ ಸೀಮಿತವಾದ ಡುಬ್ಬದ ಮಹಶೀರ್, ಗಾಳದ ಮೀನುಗಾರರಲ್ಲಿ ಜಗತ್ಪ್ರಸಿದ್ಧವಾಗಿತ್ತು. ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸಂರಕ್ಷಣೆಯ ಉದ್ದೇಶದಿಂದಲೇ ಕಾವೇರಿಗೂ ಬಿಡಲಾಯಿತು. ಅವು ನದಿಯಲ್ಲಿ ಹಬ್ಬಿದಂತೆ ಡುಬ್ಬದ ಮಹಶೀರ್ ವಿರಳವಾಗುತ್ತ ಬಂತು. ಈ ಬದಲಾವಣೆ ಬೆಳಕಿಗೆ ಬಂದದ್ದು ಗಾಲಿಬೋರೆಯ ಶಿಬಿರದಲ್ಲಿ ಮೀನು ಹಿಡಿದು ಮರಳಿ ಬಿಡುತ್ತಿದ್ದವರು ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದ. 2018ರಲ್ಲಿ ಈ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ತೀವ್ರ ಅಳಿವಿನಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.